ಪೂಜೆಗಿಟ್ಟ ಪಿನ್ನು

ಗಾಡಿಯಲ್ಲಿ ಏನೇ ಕೆಟ್ಟಿದ್ದರೂ ನಿನಗೆ ಹೇಳುತ್ತೇನೆ, ಮುಚ್ಚಿಡುವುದಿಲ್ಲ ಎಂದು ಜ್ಞಾನೇಶ್ ಬಹಳ ಹಿಂದೆ ಹೆಂಡತಿಗೆ ಮಾತು ಕೊಟ್ಟಿದ್ದ. ಅಮೂಲ್ಯ ಆಗ ಇನ್ನೂ ಹೊಟ್ಟೆಯಲ್ಲಿದ್ದಳು. ಗಾಜನೂರಿನಿಂದ ವಾಪಸು ಬರುವಾಗ ಮುಂದಿನ ಬ್ರೇಕಿನ ಕೇಬಲ್ಲು ಕಿತ್ತುಹೋಗಿ ಗಂಡ ಹೆಂಡತಿ ಇಬ್ಬರೂ ರಸ್ತೆ ಪಕ್ಕದ ಮಣ್ಣಿಗೆ ಬಿದ್ದಿದ್ದರು. ಆ ಕೇಬಲ್ಲಿನ ಎಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದದ್ದು ಅವನಿಗೆ ಮೊದಲೇ ಗೊತ್ತಿತ್ತು. ತನುಜಾ ಅಳಲಿಲ್ಲ, ಕೂಗಾಡಲಿಲ್ಲ. ಒಂದು ಕೈಯನ್ನು ಹೊಟ್ಟೆಯ ಮೇಲಿಂದ ತೆಗೆಯದೆಯೇ ಮೊಣಕೈಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿಕೊಂಡು, "ನಿಮಗೆ ಗೊತ್ತಿತ್ತು, ಅಲ್ವಾ?" ಎಂದು ಕೇಳಿದಳು. ಅವನು ಬಿದ್ದ ಗಾಡಿಯನ್ನು ಎತ್ತಿ ನಿಲ್ಲಿಸಿದ. "ಇನ್ಮೇಲೆ ಗೊತ್ತಿದ್ರೆ ನಂಗೂ ಹೇಳಿ. ಕೂರೋದೋ ಬಿಡೋದೋ ನಾನು ನೋಡ್ಕೋತೀನಿ." ಅಂಗಿಯ ಮೇಲಿಂದಲೇ ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಅವನು "ಹೇಳ್ತೀನಿ" ಅಂದಿದ್ದ. ಆ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಅವನಿಗೆ ಮಾತ್ರ ಪ್ರತಿ ಸಲ ಅವಳು ಹಿಂದೆ ಹತ್ತಿ ಕೂತಾಗಲೂ ಬೆನ್ನಿಗೆ ತಗಲುವ ಅವಳ ಮಂಡಿಯಷ್ಟೇ ನಿಜವಾಗಿ ಅದು ನೆನಪಾಗುತ್ತಿತ್ತು.

ಆಯುಧಪೂಜೆಯ ಆ ಮಧ್ಯಾಹ್ನ ಹೋಳಿಗೆಯ ಊಟ ಮುಗಿದು, ಹೊಟ್ಟೆ ಭಾರವಾಗಿ, ಚಾಪೆಯ ಮೇಲೆ ಸ್ವಲ್ಪ ಹೊರಳಾಡೋಣ ಅನ್ನಿಸುವ ಹೊತ್ತಿಗೆ ತಾಯಿ ಮಹಾಂತಮ್ಮ ಅಡುಗೆಮನೆಯಿಂದ, "ಜ್ಞಾನಿ, ದೀಪ ಸಣ್ಣಗಾಗಿದೆಯೇನೋ ನೋಡು, ಒಂಚೂರು ಎಣ್ಣೆ ಬಿಡು" ಅಂದರು. ಪಡಸಾಲೆಯ ಮೂಲೆಯಲ್ಲಿ ಮಣೆಯ ಮೇಲೆ ಬಾಳೆಎಲೆ ಹಾಸಿ ಎಲ್ಲವನ್ನೂ ಜೋಡಿಸಿದ್ದರು. ಈಳಿಗೆಮಣೆ, ಕತ್ತರಿ, ಅಮೂಲ್ಯಳ ಜಾಮಿಟ್ರಿ ಬಾಕ್ಸು, ಅವುಗಳ ಪಕ್ಕದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಮಲಗಿಸಿದ ಅವನ ಸ್ಪ್ಯಾನರುಗಳು. ಒಂದೊಂದರ ಮೇಲೂ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ, ಮೇಲೊಂದು ಚೆಂಡುಹೂ. ಎಣ್ಣೆ ಬಿಡಲು ಬಗ್ಗಿದವನಿಗೆ ದೊಡ್ಡ ಸ್ಪ್ಯಾನರಿನ ಆಚೆ, ಎಲೆಯ ಅಂಚಿನಲ್ಲಿ, ಹೇರ್‌ಪಿನ್ನಿನಂಥ ಇನ್ನೊಂದು ಸಣ್ಣ ವಸ್ತು ಕಂಡಿತು. ಅದಕ್ಕೂ ಬೆರಳ ತುದಿಯಷ್ಟು ವಿಭೂತಿ, ಒಂದು ಎಸಳು ಹೂ. ಅವ್ವ ಇದನ್ನೂ ಆಯುಧ ಅಂದುಕೊಂಡು ಕೂರಿಸಿದ್ದಾಳೆ ಎಂದು ನಗು ಬಂತು. ಬಂದ ನಗು ಮುಖದ ಮೇಲೆಯೇ ನಿಂತಿತು. ಅದು ಹಿಂದಿನ ಚಕ್ರದ ಪಿನ್ನು. ಚಕ್ರವನ್ನು ಹಿಡಿದಿಡುವ ದೊಡ್ಡ ನಟ್ಟು ಓಡುವಾಗ ತಾನಾಗಿ ಬಿಚ್ಚಿಕೊಳ್ಳದ ಹಾಗೆ ಅಡ್ಡ ಕೂರಬೇಕಾದದ್ದು. ಅದು ಇಲ್ಲಿ, ದೇವರ ಮುಂದೆ, ತಣ್ಣಗೆ ಕೂತಿದೆ. ಗಾಡಿ ಭದ್ರಾವತಿಯ ದಾರಿಯಲ್ಲಿದೆ. ಗಾಡಿಯ ಮೇಲೆ ಅವನ ಬಾಮೈದ ಮಲ್ಲೇಶ್, ಮಲ್ಲೇಶನ ಬೆನ್ನು ಹಿಡಿದುಕೊಂಡು ಅಮೂಲ್ಯ.

ಪಿನ್ನು ಇಲ್ಲದಿದ್ದರೇನಂತೆ, ನಟ್ಟು ಬಿಗಿಯಾಗಿದ್ದರೆ ಭದ್ರಾವತಿಯಲ್ಲ, ದಾವಣಗೆರೆಗೂ ಹೋಗಿ ಬರಬಹುದು. ಬಿಗಿ ಮಾಡಿದ್ದೆನಾ? ಬೆಳಿಗ್ಗೆ ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು, ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಏರಿಸಿ ಕೂತಿದ್ದ. ಚೈನು ಸಡಿಲವಾಗಿ ಕವರಿಗೆ ಬಡಿಯುತ್ತಿತ್ತು. ಪಿನ್ನು ಎಳೆದು, ನಟ್ಟು ಸಡಿಲಿಸಿ, ಚಕ್ರವನ್ನು ಎರಡೂ ಕಡೆ ಸಮನಾಗಿ ಹಿಂದಕ್ಕೆ ಸರಿಸಿ, ಚೈನನ್ನು ಎರಡು ಬೆರಳಿನಿಂದ ಎತ್ತಿ ನೋಡಿ, ನಟ್ಟನ್ನು ಕೈಯಿಂದ ತಿರುಗಿಸಿ ಕೂರಿಸಿದ್ದ. ಕೈಯಿಂದ. ಅಲ್ಲಿಯವರೆಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಅವನ ಕ್ರಮವೇ ಹಾಗೆ. ಮೊದಲು ಎಲ್ಲವನ್ನೂ ಕೈಬಿಗಿ ಮಾಡಿಟ್ಟು, ಪ್ಲಗ್ಗು ಉಜ್ಜಿ, ಎಣ್ಣೆ ಬದಲಿಸಿ, ಫಿಲ್ಟರು ತೊಳೆದು, ಎಲ್ಲ ಮುಗಿದ ಮೇಲೆ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಒಂದೊಂದೇ ನಟ್ಟಿಗೆ ಸ್ಪ್ಯಾನರು ಹಾಕಿ ಮೈಭಾರ ಬಿಟ್ಟು ಬಿಗಿಯುವುದು. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ಅವನ ಕೆಲಸವೂ ಅದೇ. ಬೇರೆಯವರು ಬಿಗಿದ ನಟ್ಟುಗಳನ್ನು ಪರೀಕ್ಷಿಸಿ, ಸರಿಯಿದ್ದರೆ ಬಿಳಿ ಪೇಂಟಿನ ಗೀಟು ಎಳೆಯುವುದು. ಗೀಟಿಲ್ಲದ ಮಾಲು ಗೇಟು ದಾಟುವ ಹಾಗಿಲ್ಲ. ಮನೆಯ ಗಾಡಿಗೆ ಗೀಟು ಎಳೆಯುವವರು ಯಾರು? ಫಿಲ್ಟರು ತೊಳೆಯಲು ಹಿತ್ತಲ ನಲ್ಲಿಗೆ ಹೋಗಿ ಬರುವಷ್ಟರಲ್ಲಿ ಗೋಣಿಚೀಲ ಖಾಲಿಯಾಗಿತ್ತು. "ಅವ್ವ, ಇನ್ನೂ ಕೆಲಸ ಇತ್ತಲ್ಲ" ಅಂದ. "ರಾಹುಕಾಲ ಬರ್ತಿದೆ ಮಾರಾಯ, ತೊಳೆದು ಇಟ್ಟಾಯ್ತು. ವಿಭೂತಿ ಹಚ್ಚಿದ ಮೇಲೆ ನಾಳೆ ಬೆಳಿಗ್ಗೆ ತನಕ ಯಾರೂ ಎತ್ತೋ ಹಾಗಿಲ್ಲ. ನಿನ್ನ ಕೆಲಸ ಎಲ್ಲಿ ಓಡಿಹೋಗುತ್ತೆ?" ಸರಿ, ಗಾಡಿ ಇವತ್ತು ನಿಂಬೆಹಣ್ಣಿನ ಮೇಲೆ ಹತ್ತಿಳಿದರೆ ಮುಗಿಯಿತು, ನಾಳೆ ನೋಡೋಣ ಎಂದು ಸ್ನಾನಕ್ಕೆ ಹೋಗಿದ್ದ. ಅಥವಾ ನಲ್ಲಿಗೆ ಹೋಗುವ ಮೊದಲೇ ಆ ಒಂದು ನಟ್ಟನ್ನು ಬಿಗಿದಿದ್ದನೆ? ಕಣ್ಣು ಮುಚ್ಚಿದರೆ ಅಂಗೈಯಲ್ಲಿ ಸ್ಪ್ಯಾನರಿನ ಒತ್ತು, ಭುಜದಲ್ಲಿ ಎಳೆತ, ಕೊನೆಗೆ ನಟ್ಟು ಕೂತಾಗ ಬರುವ ಆ ಸಣ್ಣ ಕಿರುಗುಟ್ಟುವಿಕೆ ಎಲ್ಲವೂ ಬರುತ್ತಿತ್ತು. ಅದು ಇವತ್ತಿನದೋ ಹಿಂದಿನ ಯಾವುದೋ ಭಾನುವಾರದ್ದೋ ಕೈ ಹೇಳುತ್ತಿರಲಿಲ್ಲ.

ಮಲ್ಲೇಶ್ ಬಂದದ್ದು ಪೂಜೆ ಮುಗಿದ ಮೇಲೆ, ಬಸ್ಸಿನಲ್ಲಿ, ಭದ್ರಾವತಿಯಿಂದ ಅವರಮ್ಮ ಕೊಟ್ಟ ಕಡುಬಿನ ಡಬ್ಬಿ ಹಿಡಿದುಕೊಂಡು. ಅವನು ಕೆಲಸ ಮಾಡುವ ಕಾರ್ಖಾನೆಯಲ್ಲಿ ವರ್ಷಕ್ಕೆ ಇದೊಂದು ದಿನ ಮನೆಯವರನ್ನು ಒಳಗೆ ಬಿಡುತ್ತಾರೆ. ದೊಡ್ಡ ಕ್ರೇನಿಗೆ ಆಳೆತ್ತರದ ಹೂಹಾರ ಹಾಕಿರುತ್ತಾರೆ ಎಂದು ಅವನು ವರ್ಣಿಸಿದ್ದೇ ತಡ ಅಮೂಲ್ಯ ಅವನ ಕೈಗೆ ಜೋತುಬಿದ್ದಳು. "ಭಾವ, ಗಾಡಿ ಕೊಡ್ತೀರಾ? ಸಂಜೆ ತಂದು ಬಿಟ್ಟು ಬಸ್ಸಿಗೆ ಹೋಗ್ತೀನಿ." ಬಾಗಿಲಲ್ಲಿ ನಿಂತಿದ್ದ ತನುಜಾ ಅವನ ಮುಖವನ್ನು ನೋಡಿದ್ದಳು. ಏನೂ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ, ಕೆಟ್ಟಿದ್ದರೆ ಅವನೇ ಹೇಳುತ್ತಾನೆ. ಜ್ಞಾನೇಶ್ ಮೊಳೆಯ ಮೇಲಿದ್ದ ಕೀಲಿಯನ್ನು ತೆಗೆದು ಮಲ್ಲೇಶನ ಕಡೆ ಎಸೆದಿದ್ದ. ಎಸೆಯುವಾಗ, "ಚೈನ್ ಈಗ ತಾನೆ ಟೈಟ್ ಮಾಡಿದೀನಿ, ಬೆಣ್ಣೆ ಹಂಗೆ ಹೋಗುತ್ತೆ ನೋಡು" ಎಂದೂ ಹೇಳಿದ್ದ. ಆ ಮಾತು ಈಗ ಕಿವಿಯಲ್ಲಿ ಬೇರೆ ಯಾರದೋ ದನಿಯಲ್ಲಿ ಕೇಳಿಸಿತು.

ತನುಜಾ ಒಳಗೆ ಪಾತ್ರೆ ಒರೆಸುತ್ತಿದ್ದಳು. ನಾಲ್ಕು ಹೆಜ್ಜೆ ಇಟ್ಟರೆ ಅಡುಗೆಮನೆ. ಹೋಗಿ ಹೇಳುವುದು. ಏನೆಂದು? ನಿನ್ನ ಮಗಳು ಕೂತಿರುವ ಗಾಡಿಯ ಚಕ್ರ ಕೈಬಿಗಿಯಲ್ಲಿ ನಿಂತಿರಬಹುದು, ನಿಂತಿರದೆಯೂ ಇರಬಹುದು. ಹೇಳಿದರೆ ಅವಳಿಗೆ ಮಾಡಲು ಏನಿದೆ, ಸುಮ್ಮನೆ ಎದೆ ಹೊಡೆದುಕೊಳ್ಳುವುದು ಬಿಟ್ಟು? ಮೊದಲು ಹೋಗಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಹಾಗೆ ಅಂದುಕೊಂಡ ಕೂಡಲೇ ಸ್ವಲ್ಪ ಹಗುರವಾಯಿತು. ಹಗುರವಾದದ್ದಕ್ಕೇ ನಾಚಿಕೆಯೂ ಆಯಿತು. ತಾಯಿ ಈ ಕಡೆ ಬೆನ್ನು ಹಾಕಿ ಬಚ್ಚಲಿಗೆ ಹೋದ ಸಮಯ ನೋಡಿ, ಪಿನ್ನನ್ನು ಜೇಬಿಗೆ ಹಾಕಿಕೊಂಡು ದೊಡ್ಡ ಸ್ಪ್ಯಾನರನ್ನು ಎತ್ತಿ ಪ್ಯಾಂಟಿನ ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಬಿಟ್ಟುಕೊಂಡ. ಎಲೆಯ ಮೇಲೆ ಅದು ಮಲಗಿದ್ದ ಜಾಗ ಬೋಳಾಗಿ ಕಂಡಿತು. ಪಕ್ಕದ ಹೂವನ್ನು ಅಲ್ಲಿಗೆ ಸರಿಸಿದ. ತನ್ನ ಮನೆಯಲ್ಲಿ ತನ್ನದೇ ಸ್ಪ್ಯಾನರನ್ನು ಕದಿಯುತ್ತಿದ್ದ. "ಮಲ್ಲೇಶ ಗಾಡಿ ಪೇಪರ್ ಬಿಟ್ಟು ಹೋಗಿದಾನೆ, ಹಬ್ಬದ ದಿನ ಪೊಲೀಸ್ರು ನಿಂತಿರ್ತಾರೆ, ಕೊಟ್ಟು ಬರ್ತೀನಿ" ಎಂದು ಬಾಗಿಲಿಂದಲೇ ಕೂಗಿದ. "ಅಷ್ಟಕ್ಕೆ ಅಲ್ಲೀ ತನಕ ಹೋಗ್ತೀರಾ?" ಎಂಬ ತನುಜಾಳ ದನಿ ಬೆನ್ನಿಗೆ ಬಡಿದಾಗ ಅವನು ಆಗಲೇ ಬೀದಿಯಲ್ಲಿದ್ದ.

ಸವಳಂಗ ರಸ್ತೆಯ ತುಂಬ ಹೂ ಮುಡಿದ ಗಾಡಿಗಳು. ಸ್ಕೂಟರು, ಟೆಂಪೋ, ಕೊನೆಗೆ ಐಸ್‌ಕ್ಯಾಂಡಿ ಡಬ್ಬಿಯ ಸೈಕಲ್ಲಿಗೂ ಬಾಳೆಕಂದು. ಓಡಬೇಕು ಅನ್ನಿಸುತ್ತಿತ್ತು; ಓಡಿದರೆ ಸ್ಪ್ಯಾನರು ತೊಡೆಗೆ ಜಾರುತ್ತಿತ್ತು. ಜಂಬಣ್ಣನ ಎಸ್‌ಟಿಡಿ ಬೂತಿನ ಮುಂದೆ ನಿಂತ. ಭದ್ರಾವತಿಯಲ್ಲಿ ಅತ್ತೆಯ ಪಕ್ಕದ ಮನೆಯಲ್ಲಿ ಫೋನಿತ್ತು. ಜಂಬಣ್ಣ ಫೋನಿಗೂ ಹಾರ ಹಾಕಿ, ರಿಸೀವರಿನ ಮೇಲೆ ಕುಂಕುಮವಿಟ್ಟು ಕೈಕಟ್ಟಿ ಕೂತಿದ್ದ. "ಪೂಜೆ ಆಗಿದೆ ಜ್ಞಾನೇಶಣ್ಣ, ಇವತ್ತು ಫೋನಿಗೆ ರಜ." "ಒಂದೇ ಒಂದು ಕಾಲ್, ಅರ್ಜೆಂಟು." ಜಂಬಣ್ಣ ಅವನ ಮುಖ ನೋಡಿ ಹಾರವನ್ನು ಪಕ್ಕಕ್ಕೆ ಸರಿಸಿ ತಾನೇ ನಂಬರು ತಿರುಗಿಸಿದ. ಆ ಕಡೆ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಊರೆಲ್ಲ ಕಾರ್ಖಾನೆ ನೋಡಲು ಹೋಗಿದೆ ಎಂದು ಬುದ್ಧಿ ಹೇಳಿತು. ಎಲ್ಲರೂ ಬಾಗಿಲು ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದಾರೆ ಎಂದು ಹೊಟ್ಟೆ ಹೇಳಿತು. ರಿಸೀವರು ಇಟ್ಟಾಗ ಕಿವಿಗೆ ಕುಂಕುಮ ಹತ್ತಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಹೊರಡಲು ತಯಾರಾಗಿದ್ದ ಪ್ರೈವೇಟ್ ಬಸ್ಸಿನ ಮುಂದಿನ ಗಾಜಿನ ಅರ್ಧವನ್ನು ಹಾರಗಳೇ ಮುಚ್ಚಿದ್ದವು. ಒಳಗೆ ಸೀಟಿದ್ದರೂ ಅವನು ಬಾಗಿಲಲ್ಲೇ ನಿಂತ. "ಸಾರ್, ಒಳಗ್ ಬನ್ನಿ. ದೃಷ್ಟಿ ಆಗ್ದಿರ್ಲಿ ಅಂತ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದೀವಿ, ನಿಮ್ಮನ್ನಲ್ಲ" ಎಂದು ಕಂಡಕ್ಟರ್ ಅಂದಾಗ ಬಸ್ಸೆಲ್ಲ ನಕ್ಕಿತು. ಅವನೂ ನಕ್ಕ. ನಕ್ಕು ಅಲ್ಲೇ ನಿಂತ. ರಸ್ತೆಯ ಎಡಬದಿಯನ್ನು ಬಿಟ್ಟು ಬೇರೆ ಯಾವುದನ್ನೂ ನೋಡಲು ಅವನಿಂದ ಆಗುತ್ತಿರಲಿಲ್ಲ. ಚರಂಡಿ, ಮೈಲಿಗಲ್ಲು, ಬಿದ್ದಿರುವ ಚಪ್ಪಲಿ. ಚಪ್ಪಲಿ ಕಂಡಾಗಲೆಲ್ಲ ಅದು ಎಷ್ಟು ದೊಡ್ಡದು ಎಂದು ಕಣ್ಣು ಅಳೆಯುತ್ತಿತ್ತು. ಅಮೂಲ್ಯ ಯಾವ ಚಪ್ಪಲಿ ಹಾಕಿಕೊಂಡು ಹೋದಳು? ನೆನಪಾಗಲಿಲ್ಲ. ಹಸಿರು ಲಂಗ ಎಂದು ನೆನಪಾಯಿತು, ಜಡೆಯಲ್ಲಿ ಸೇವಂತಿಗೆ. ಗಾಡಿಯ ಕಾರ್ಬೊರೇಟರಿನ ಸ್ಕ್ರೂ ಎಷ್ಟು ಸುತ್ತು ಬಿಚ್ಚಿದರೆ ಇಂಜಿನ್ನು ನಡುಗದೆ ನಿಲ್ಲುತ್ತದೆ ಎಂದು ನಿದ್ದೆಯಲ್ಲೂ ಹೇಳಬಲ್ಲವನಿಗೆ ಮಗಳ ಕಾಲಿನಲ್ಲಿ ಏನಿತ್ತು ಎಂದು ಗೊತ್ತಿರಲಿಲ್ಲ. ಭಾನುವಾರ ಅವನು ಗಾಡಿ ಬಿಚ್ಚಿಕೊಂಡು ಕೂತಾಗ ಅವಳು ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುವಳು. "ಅಪ್ಪಾಜಿ, ಇದು ಏನು, ಇದು ಏನು" ಎನ್ನುವಳು. "ಮುಟ್ಟಬೇಡ, ಮಸಿ" ಎನ್ನುವುದು ಬಿಟ್ಟು ಅವನು ಬೇರೇನಾದರೂ ಹೇಳಿದ್ದುಂಟೆ?

ಮಲವಗೊಪ್ಪ ದಾಟಿತು, ನಿದಿಗೆ ದಾಟಿತು. ಹೆದರಿಕೆಗೆ ಅದರದೇ ಒಂದು ಲೆಕ್ಕಾಚಾರವಿತ್ತು. ಇಲ್ಲಿಯವರೆಗೆ ಏನೂ ಇಲ್ಲವೆಂದರೆ ಇಲ್ಲಿಯವರೆಗೆ ಬಂದಿದ್ದಾರೆ. ಬಂದಷ್ಟೂ ನಟ್ಟು ಬಿಚ್ಚಿಕೊಂಡಿದೆ. ಹಾಗಾಗಿ ಖಾಲಿ ರಸ್ತೆಯ ಪ್ರತಿಯೊಂದು ತಿರುವೂ ಮುಂದಿನ ತಿರುವನ್ನು ಇನ್ನಷ್ಟು ಭಯಂಕರ ಮಾಡುತ್ತಿತ್ತು. ಮಾಚೇನಹಳ್ಳಿಯ ಹತ್ತಿರ ಬಸ್ಸು ನಿಧಾನವಾಯಿತು. ಎಡಗಡೆ ಜನ ಗುಂಪುಗೂಡಿದ್ದರು. ಕಾಲುಗಳ ಸಂದಿಯಲ್ಲಿ ಟಾರಿನ ಮೇಲೆ ಕೆಂಪು ಹರಡಿತ್ತು, ಕೆಂಪಿನ ನಡುವೆ ಬೆಳ್ಳಗೆ, ಮೆತ್ತಗೆ, ಒಡೆದು ಚೆಲ್ಲಿದ್ದು ಏನೋ. "ನಿಲ್ಸಿ! ನಿಲ್ಸ್ರೀ!" ಎಂದು ಕಿರುಚಿದ ದನಿ ತನ್ನದೇ ಎಂದು ತಿಳಿಯುವ ಮೊದಲೇ ಅವನು ಇಳಿದಿದ್ದ. ಜನರನ್ನು ಎರಡೂ ಕೈಗಳಿಂದ ತಳ್ಳಿಕೊಂಡು ಒಳಗೆ ನುಗ್ಗಿದ. ಬೂದುಗುಂಬಳಕಾಯಿ. ಕುಂಕುಮ ತುಂಬಿ ವರ್ಕ್‌ಶಾಪಿನ ಮುಂದೆ ಒಡೆದ ಬೂದುಗುಂಬಳಕಾಯಿ. ಹೋಳುಗಳ ನಡುವೆ ಚಿಲ್ಲರೆ ಕಾಸು. ತಳ್ಳಿಸಿಕೊಂಡವನೊಬ್ಬ, "ಏನ್ರೀ, ಕಾಸು ಆರಿಸ್ಕೊಳಕ್ಕೆ ಹಿಂಗೆ ನುಗ್ತೀರಾ?" ಅಂದ. ಹಿಂದೆ ಬಸ್ಸು ಹೊರಟುಹೋಯಿತು. ಬಾಗಿಲಲ್ಲಿ ಕಂಡಕ್ಟರ್ ಕೈ ಆಡಿಸುತ್ತಿದ್ದ.

"ಅರೆ, ಜ್ಞಾನೇಶಣ್ಣ!" ವರ್ಕ್‌ಶಾಪಿನ ಮುರಳಿ ಮಂಡಕ್ಕಿಯ ಪೊಟ್ಟಣ ಹಿಡಿದು ಬಂದ. ಜ್ಞಾನೇಶನ ಕಾರ್ಖಾನೆಗೆ ಲಗೇಜ್ ಆಟೋದಲ್ಲಿ ಸಾಮಾನು ತರುವವನು ಇವನೇ. "ತಗೊಳ್ಳಿ ಪ್ರಸಾದ. ಈಗ ಸ್ವಲ್ಪ ಮುಂಚೆ ನಿಮ್ಮ ಗಾಡಿ ಹೋಯ್ತಲ್ಲ. ಸೌಂಡ್ ಕೇಳೇ ಹೇಳಿದೆ, ಇದು ಜ್ಞಾನೇಶಣ್ಣನ ಗಾಡಿ ಅಂತ. ನೋಡಿದ್ರೆ ನಿಮ್ಮ ಬಾಮೈದ." ಜ್ಞಾನೇಶ್ ಮಂಡಕ್ಕಿ ಬಾಯಿಗೆ ಹಾಕಿಕೊಂಡ. "ಹೆಂಗೆ ಹೋಗ್ತಿತ್ತು?" "ಗಾಡೀನಾ? ಹಿಂದೆ ಸ್ವಲ್ಪ ಆಡ್ದಂಗೆ ಕಾಣ್ತು. ಬೇರೆಯವರ ಗಾಡಿ ಆಗಿದ್ರೆ ನಿಲ್ಸಿ ಕೇಳ್ತಿದ್ದೆ. ನಿಮ್ಮ ಗಾಡೀಲಿ ಅಂಥದ್ದೆಲ್ಲ ಎಲ್ಲಿರುತ್ತೆ ಬಿಡಿ, ಕೂಸು ಅಲ್ಲಾಡ್ತಿತ್ತೇನೋ ಅಂದ್ಕೊಂಡು ಸುಮ್ಮನಾದೆ." ಮುರಳಿ ಇದನ್ನು ಹೊಗಳಿಕೆಯಾಗಿಯೇ ಹೇಳಿದ್ದ. ಬೀದಿಯಲ್ಲಿ, ಕಾರ್ಖಾನೆಯಲ್ಲಿ, ಇಲ್ಲಿ, ಯಾರ ಗಾಡಿ ಕೆಮ್ಮಿದರೂ ಜ್ಞಾನೇಶನ ಹತ್ತಿರ ತರುತ್ತಿದ್ದರು. ಅವನು ತಲೆ ವಾಲಿಸಿ ಕೇಳಿ, ಪ್ಲಗ್ಗು ನೋಡು, ಪಾಯಿಂಟು ನೋಡು ಎಂದರೆ ಅದೇ ಆಗಿರುತ್ತಿತ್ತು. ಆ ಹೆಸರೇ ಈಗ ಅಮೂಲ್ಯಳನ್ನು ಯಾರೂ ನಿಲ್ಲಿಸದಂತೆ ಮಾಡಿತ್ತು. "ಮುರಳಿ, ನನ್ನ ಭದ್ರಾವತಿಗೆ ಬಿಡ್ತೀಯಾ? ಈಗಲೇ." "ಯಾಕಣ್ಣ, ಏನಾದ್ರೂ ತೊಂದ್ರೆನಾ?" ಹೇಳಬಹುದಿತ್ತು. ಮುರಳಿಗೆ ಹೇಳುವುದಕ್ಕೆ ಯಾವ ಆಣೆಯೂ ಬೇಕಿರಲಿಲ್ಲ. "ಏನಿಲ್ಲ. ಗಾಡಿ ಪೇಪರ್ ಕೊಡಬೇಕಿತ್ತು" ಅಂದ. ಎರಡನೆಯ ಸಲ ಹೇಳುವಾಗ ಆ ಸುಳ್ಳು ಮೊದಲಿಗಿಂತ ಸರಾಗವಾಗಿ ಬಂತು.

ಕಡದಕಟ್ಟೆಯ ರೈಲ್ವೆ ಗೇಟು ಹಾಕಿತ್ತು. ಸಾಲುಗಟ್ಟಿ ನಿಂತ ಲಾರಿಗಳ ಹಿಂದೆ ಮುರಳಿಯ ಆಟೋ ಗುರುಗುಡುತ್ತಾ ನಿಂತಿತು. ಜ್ಞಾನೇಶನಿಗೆ ಕೂರಲಾಗಲಿಲ್ಲ. ಇಳಿದು ಗೇಟಿನ ತನಕ ನಡೆದ. ಹಳಿಗೆ ಮುಂಚೆ, ಜಲ್ಲಿ ಎದ್ದಿದ್ದ ಕಡೆ, ಟಯರು ಉಜ್ಜಿದ ಗೆರೆಯೊಂದು ಹಾವಿನ ಹಾಗೆ ಅಡ್ಡ ಹೋಗಿತ್ತು. ಗೆರೆಯ ಕೊನೆಯಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಚೂರುಗಳು. ಇಂಡಿಕೇಟರಿನ ಚೂರು. ಎಷ್ಟೋ ಗಾಡಿಗಳಿಗೆ ಕಿತ್ತಳೆ ಬಣ್ಣದ್ದೇ ಇಂಡಿಕೇಟರು. ಪಕ್ಕದಲ್ಲಿ ನಜ್ಜುಗುಜ್ಜಾದ ಸೇವಂತಿಗೆ. ಹಬ್ಬದ ದಿನ ಎಲ್ಲ ಕಡೆಯೂ ಸೇವಂತಿಗೆ. ಗೇಟಿನ ಹತ್ತಿರ ಕಡಲೆಕಾಯಿ ಮಾರುತ್ತಿದ್ದ ಹೆಂಗಸು ಅವನು ಚೂರುಗಳನ್ನು ನೋಡುವುದನ್ನು ನೋಡುತ್ತಿದ್ದಳು. "ಯಾರೋ ಹುಡುಗ ಕಣಪ್ಪ. ಜೋರಾಗಿ ಬಂದ, ಗೇಟ್ ಇಳೀತಿತ್ತು, ಬ್ರೇಕ್ ಹೊಡೆದ. ಹಿಂದುಗಡೆ ಹಿಂಗೆ ಹಿಂಗೆ ಆಡಿಬಿಡ್ತು. ಹಿಂದೆ ಒಂದು ಹೆಣ್ಣು ಕೂಸು."

"ಕೂಸು?"

"ಅಳ್ತಿತ್ತು."

ಅವನು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಅವಳು ಬುಟ್ಟಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡು, "ಅಳ್ತಿತ್ತು ಅಂದ್ರೆ ಚೆನ್ನಾಗೈತೆ ಅಂತ ಅಲ್ವಾ? ಅತ್ತಿಲ್ಲ ಅಂದ್ರೆ ಭಯ. ಎದ್ದರು, ಧೂಳು ಕೊಡವ್ಕೊಂಡರು, ಅದೇ ಗಾಡಿ ಹತ್ತಿ ಹೋದ್ರು" ಅಂದಳು. ಅದೇ ಗಾಡಿ ಹತ್ತಿ. ರೈಲು ಬಂತು. ಕಣ್ಣೆದುರು ಒಂದರ ಹಿಂದೊಂದು ಹಾದುಹೋಗುತ್ತಿದ್ದ ಕಬ್ಬಿಣದ ಚಕ್ರಗಳಲ್ಲಿ ಅವನಿಗೆ ಒಂದೇ ಚಕ್ರ ಕಾಣುತ್ತಿತ್ತು. ಬಿದ್ದ ಪೆಟ್ಟಿಗೆ ಇನ್ನಷ್ಟು ಸಡಿಲವಾಗಿರುವುದು, ಭದ್ರಾ ಹೊಳೆಯ ಸೇತುವೆ ಹತ್ತುತ್ತಿರುವುದು. ಸೇತುವೆಯ ತಡೆಗೋಡೆ ಎಷ್ಟು ಎತ್ತರ? ದಿನಾ ಬೇರೆಯವರ ನಟ್ಟಿನ ಮೇಲೆ ಗೀಟು ಎಳೆಯುತ್ತಾ ಬಂದ ತನ್ನ ಬಲಗೈಯನ್ನು ಅವನು ನೋಡಿಕೊಂಡ. ಲಿಂಗವನ್ನು ಮುಟ್ಟಲು ಎತ್ತಿದವನು ಮುಟ್ಟಲಿಲ್ಲ. ಮುಟ್ಟಿದರೆ ಮತ್ತೆ ಏನಾದರೂ ಮಾತು ಕೊಡಬೇಕಾಗುತ್ತದೆ.

ಭದ್ರಾವತಿಯಲ್ಲಿ ಮಲ್ಲೇಶನ ಕಾರ್ಖಾನೆಯ ಗೇಟಿನ ಮುಂದೆ ಮುರಳಿ ಅವನನ್ನು ಇಳಿಸಿ ಹೋದ. ಹೊರಗಿನ ಬಯಲಿನಲ್ಲಿ ಬೈಕುಗಳು ಸಾಲುಸಾಲಾಗಿ ನಿಂತಿದ್ದವು. ಎಲ್ಲದಕ್ಕೂ ಅದೇ ಚೆಂಡುಹೂವಿನ ಹಾರ, ಅದೇ ಬಾಳೆಕಂದು, ನಂಬರ್ ಪ್ಲೇಟಿನ ಮೇಲೆ ಅದೇ ವಿಭೂತಿ. ನಂಬರುಗಳು ಕಾಣುತ್ತಿರಲಿಲ್ಲ. ಸಾಲಿನಿಂದ ಸಾಲಿಗೆ ಹೋಗುತ್ತಾ ಪ್ರತಿ ಬೈಕಿನ ಹಿಂದೆ ಬಗ್ಗಿ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿ ಓದತೊಡಗಿದ. "ಏಯ್, ಯಾರ್ ನೀನು? ಏನ್ ಮಾಡ್ತಾ ಇದೀಯ ಅಲ್ಲಿ?" ವಾಚ್‌ಮನ್ನು ಕೋಲು ಹಿಡಿದು ಬಂದ. "ನನ್ನ ಗಾಡಿ ಹುಡುಕ್ತಿದೀನಿ." "ನಿನ್ ಗಾಡಿ ಎಲ್ಲಿ ನಿಲ್ಸಿದೆ ಅಂತ ನಿನಗೇ ಗೊತ್ತಿಲ್ವಾ?" ಸೊಂಟದ ಸ್ಪ್ಯಾನರು ಅಂಗಿಯ ಕೆಳಗೆ ಉಬ್ಬಿ ಕಾಣುತ್ತಿತ್ತು. ವಾಚ್‌ಮನ್ನು ಅದನ್ನೇ ನೋಡುತ್ತಿದ್ದ. "ಅದೇನು? ತೆಗಿ ಈಚೆ." ತೆಗೆದು ಅವನ ಕೈಗೆ ಕೊಟ್ಟ. ವಿಭೂತಿ ಬೆವರಿಗೆ ಕರಗಿ ಕುಂಕುಮದೊಂದಿಗೆ ಕಲಸಿಹೋಗಿತ್ತು. ವಾಚ್‌ಮನ್ನು ಒಮ್ಮೆ ಸ್ಪ್ಯಾನರನ್ನೂ ಒಮ್ಮೆ ಅವನನ್ನೂ ನೋಡಿ, "ಪೂಜೆ ಮಾಡಿದ್ದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಕಳ್ಳತನಕ್ಕೆ ಬರ್ತಾರೇನ್ರೀ" ಎಂದು, ಬೈದದ್ದೋ ತಮಾಷೆಯೋ ತಿಳಿಯದ ದನಿಯಲ್ಲಿ ಹೇಳಿ ವಾಪಸು ಕೊಟ್ಟ. ಕೊಟ್ಟು ಅಲ್ಲೇ ನಿಂತ.

ಗಾಡಿ ಕೊನೆಯ ಸಾಲಿನಲ್ಲಿತ್ತು. ಎಡಗಡೆಯ ಇಂಡಿಕೇಟರು ಒಡೆದಿತ್ತು. ಗಾಡಿ ಇಲ್ಲಿದೆ, ಅಂದರೆ ಅಮೂಲ್ಯ ಇಲ್ಲಿದ್ದಾಳೆ. ಮಂಡಿಯೂರಿ ಕೂತು ಹಿಂಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದ. ಹಿಡಿದ ಕೂಡಲೇ ಅದು ತಿರುಗಿತು. ನಲ್ಲಿ ತಿರುಗಿದ ಹಾಗೆ, ಯಾವ ಹಟವೂ ಇಲ್ಲದೆ. ನಟ್ಟು ಎಳೆಗಳ ತುದಿಗೆ ಬಂದು ನಿಂತಿತ್ತು. ಬಿಚ್ಚುವ ದಿಕ್ಕಿಗೆ ತಿಳಿಯದೆ ಇನ್ನೊಮ್ಮೆ ತಿರುಗಿಸಿದ್ದರೆ ಅವನ ಅಂಗೈಗೇ ಬಿದ್ದುಬಿಡುತ್ತಿತ್ತು. ಬಿಗಿ ಮಾಡಿದ್ದೆನಾ ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮಧ್ಯಾಹ್ನದಿಂದ ತಾನು ಹೆದರಿದ್ದು ಇದಕ್ಕೆ ಅಂದುಕೊಂಡಿದ್ದ. ಈಗ ನೋಡಿದರೆ ಹೆದರಿಕೆ ಈಗ ತಾನೇ ಶುರುವಾಗುತ್ತಿತ್ತು. ನಿದಿಗೆ, ಮಾಚೇನಹಳ್ಳಿ, ಗೇಟು, ಸೇತುವೆ ಎಲ್ಲವನ್ನೂ ಈ ಚಕ್ರ ಹೀಗೆಯೇ ದಾಟಿ ಬಂದಿದೆ. ಸ್ಪ್ಯಾನರು ಹಾಕಿದ. ಕೈ ಜಾರಿತು, ಮತ್ತೆ ಹಾಕಿದ. ಮೈಭಾರವನ್ನೆಲ್ಲ ಬಿಟ್ಟ. ನಟ್ಟು ಕಿರುಗುಟ್ಟಿ ಕೂತಿತು. ಪಿನ್ನನ್ನು ಒರೆಸಿ ತೂತಿಗೆ ತೂರಿಸಿ, ಅದರ ಎರಡು ಕಾಲುಗಳನ್ನು ಕಲ್ಲಿನಿಂದ ಬಡಿದು ಬಗ್ಗಿಸಿದ. ಆಮೇಲೂ ಎದ್ದೇಳದೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದ.

"ಭಾವ!"

ಮಲ್ಲೇಶನ ಪ್ಯಾಂಟಿನ ಮಂಡಿ ಹರಿದಿತ್ತು. ಅವನ ಕೈ ಹಿಡಿದಿದ್ದ ಅಮೂಲ್ಯಳ ಮೊಣಕೈಗೆ ಕರವಸ್ತ್ರ ಕಟ್ಟಿತ್ತು. ಇನ್ನೊಂದು ಕೈಯಲ್ಲಿ ಲಾಡಿನ ಪೊಟ್ಟಣ. ಅವಳು ಕುಂಟುತ್ತಾ ಓಡಿಬಂದು, "ಅಪ್ಪಾಜಿ, ಕ್ರೇನು ನಮ್ಮ ಮನೆಗಿಂತ ದೊಡ್ಡದು!" ಅಂದಳು. ಅವನು ಮಸಿಯ ಕೈಯಲ್ಲೇ ಅವಳನ್ನು ಎಳೆದುಕೊಂಡ. ತಲೆಯಿಂದ ಕಾಲಿನವರೆಗೆ ಮುಟ್ಟಿ ನೋಡಿದ. ಅವಳ ಕಾಲಿನಲ್ಲಿದ್ದದ್ದು ಕೆಂಪು ಪಟ್ಟಿಯ ಚಪ್ಪಲಿ. ಮಲ್ಲೇಶ್ ತಲೆ ತಗ್ಗಿಸಿಕೊಂಡು ನಿಂತಿದ್ದ. "ಭಾವ, ನಂದೇ ತಪ್ಪು. ಗೇಟ್ ಹಾಕ್ತಿದ್ದ, ದಾಟಿಬಿಡಣ ಅಂತ ಜೋರಾಗಿ ಬಂದೆ. ಬ್ರೇಕ್ ಹಿಡಿದೆ, ಹಿಂದಿನ ಚಕ್ರ ಎಳ್ಕೊಂಡು ಹೋಯ್ತು. ಮೊದಲಿಂದಾನೂ ಸ್ವಲ್ಪ ಆಡ್ತಾ ಇತ್ತು, ನಂಗೆ ನಿಮ್ಮ ಗಾಡಿ ರೂಢಿ ಇಲ್ವಲ್ಲ, ಅದಕ್ಕೇ ಇರಬೇಕು ಅಂದ್ಕೊಂಡೆ." ಜ್ಞಾನೇಶ್ ಕೆಳಗಿದ್ದ ಸ್ಪ್ಯಾನರನ್ನು ಕಾಲಿನಿಂದ ಚಕ್ರದ ಆಚೆಗೆ ಸರಿಸಿದ. "ಸುದ್ದಿ ಗೊತ್ತಾಗಿ ಬಂದ್ರಾ?" ಅಂದ ಮಲ್ಲೇಶ್. "ಇಲ್ಲ. ಪೇಪರ್ ಕೊಡೋಕೆ." "ಎಲ್ಲಿ?" ಎಂದು ಮಲ್ಲೇಶ್ ಕೈ ಚಾಚಿದ. ಪೇಪರುಗಳು ಮನೆಯಲ್ಲೇ ಇದ್ದವು. ಸುಳ್ಳು ಹೇಳಿ ಹೊರಟವನು ಅವನ್ನು ತರಲೂ ಮರೆತಿದ್ದ. ಮಲ್ಲೇಶ್ ಚಾಚಿದ ಕೈಯನ್ನು ತಾನೇ ಹಿಂದಕ್ಕೆ ತೆಗೆದುಕೊಂಡ. "ಅಕ್ಕಂಗೆ ನಾನೇ ಬಂದು ಹೇಳ್ತೀನಿ ಭಾವ. ನೀವು ಏನೂ ಹೇಳಬೇಡಿ."

ವಾಪಸು ಬರುವಾಗ ಜ್ಞಾನೇಶ್ ಗಾಡಿ ಓಡಿಸಿದ. ಅಮೂಲ್ಯ ನಡುವೆ, ಮಲ್ಲೇಶ್ ಹಿಂದೆ. ಸೈಕಲ್ಲುಗಳು ಅವರನ್ನು ದಾಟಿ ಹೋಗುತ್ತಿದ್ದವು. "ಅಪ್ಪಾಜಿ, ಯಾಕೆ ಇಷ್ಟು ಮೆಲ್ಲಗೆ?" ಅಂದಳು ಅಮೂಲ್ಯ. ತಾನೇ ಬಿಗಿದ, ತಾನೇ ಪಿನ್ನು ಹಾಕಿದ ಚಕ್ರ ಕೆಳಗಿದ್ದರೂ ಪ್ರತಿ ಗುಂಡಿಗೂ ಅವನ ಬೆನ್ನೆಲುಬು ಬಿಗಿಯುತ್ತಿತ್ತು. ಹೇಳಿಬಿಡುತ್ತೇನೆ ಎಂದುಕೊಂಡ. ಮನೆ ಸೇರಿದ ಕೂಡಲೇ, ಚಪ್ಪಲಿ ಬಿಡುವ ಮೊದಲೇ. ನಟ್ಟು ನಾನು ಬಿಗಿದಿರಲಿಲ್ಲ, ಮಲ್ಲೇಶನದು ಏನೂ ತಪ್ಪಿಲ್ಲ. ಇಷ್ಟೇ ಮಾತು. ಅದನ್ನು ಬಾಯೊಳಗೆ ಹೇಳಿಕೊಳ್ಳುತ್ತಾ ಬಂದ. ಹೇಳಿಕೊಂಡಷ್ಟೂ ಮಾತಿನ ಆಚೆ ತನುಜಾಳ ಮುಖ ಕಾಣುತ್ತಿತ್ತು, ಗಾಜನೂರಿನ ದಾರಿಯ ಮುಖ. ಅಳದ, ಬೈಯದ, ಕೇಳಿ ಸುಮ್ಮನಾಗುವ ಮುಖ. ಆಗ ಅವಳು ಒಂದು ಮಾತು ಕೇಳಿ ಅವನನ್ನು ಬಿಟ್ಟಿದ್ದಳು. ಈ ಸಲ ಏನು ಕೇಳುತ್ತಾಳೆ?

ಮನೆಯ ಬಾಗಿಲಲ್ಲೇ ಮಲ್ಲೇಶ್ ಎಲ್ಲವನ್ನೂ ಹೇಳಿಬಿಟ್ಟ. ತಾನು ಜೋರಾಗಿ ಬಂದದ್ದು, ಗೇಟು, ಬ್ರೇಕು. ತನುಜಾ ಕರವಸ್ತ್ರ ಬಿಚ್ಚಿ ಮಗಳ ಮೊಣಕೈ ನೋಡಿದಳು. "ಮಗೂನ ಹಿಂದೆ ಕೂರಿಸ್ಕೊಂಡು ಗೇಟ್ ಹಾರಿಸ್ತೀಯೇನೋ? ಬುದ್ಧಿ ಎಲ್ಲಿ ಇಟ್ಟಿದ್ದೆ? ಇನ್ಮೇಲೆ ಈ ಗಾಡಿ ಕೀಲಿ ಮುಟ್ಟಿದ್ರೆ ನೋಡು." "ಇಲ್ಲ ಅಕ್ಕ" ಅಂದ ಮಲ್ಲೇಶ್. ಇಪ್ಪತ್ತು ದಾಟಿದ ಹುಡುಗನ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಒಳಗಿನಿಂದ ಮಹಾಂತಮ್ಮ, "ಜ್ಞಾನಿ, ಪೂಜೆಗಿಟ್ಟಿದ್ದ ದೊಡ್ಡ ಸ್ಪ್ಯಾನರು ಎಲ್ಲೋ? ಎತ್ತಬಾರದು ಅಂತ ಬಡ್ಕೊಂಡೆ. ಯಾರು ತೆಗೆದಿದ್ದು?" ಎಂದು ಕೂಗಿದರು. ತನುಜಾ ಮಗಳ ಕೈಯನ್ನು ಬಿಟ್ಟು ಎದ್ದು ನಿಂತಳು. ಗಂಡನ ಅಂಗಿಯ ಕೆಳಗಿನ ಉಬ್ಬನ್ನು ನೋಡಿದಳು, ಉಗುರುಗಳ ಮಸಿಯನ್ನು ನೋಡಿದಳು. ಆಮೇಲೆ ಅವನ ಮುಖವನ್ನು.

"ರೀ, ಗಾಡೀಲಿ ಏನಾದ್ರೂ ಇತ್ತಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಹೇಳುವುದಕ್ಕೆ ಜಾಗ ಮಾಡಿಕೊಟ್ಟಿದ್ದಳು, ಬಾಗಿಲಲ್ಲಿ ಸ್ವಲ್ಪ ಸರಿದು ನಿಂತ ಹಾಗೆ. ಮಲ್ಲೇಶ್ ತಲೆ ಎತ್ತಿ ಭಾವನನ್ನು ನೋಡಿದ. ಅಮೂಲ್ಯ ಲಾಡು ತಿನ್ನುತ್ತಿದ್ದಳು.

"ಏನಿಲ್ಲ" ಅಂದ. "ಬಿದ್ದು ಇಂಡಿಕೇಟರ್ ಸಡಿಲ ಆಗಿತ್ತು, ಟೈಟ್ ಮಾಡಿದೆ. ಗಾಡಿ ಸರಿ ಇತ್ತು."

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಕೈಕಾಲು ತೊಳ್ಕೊಂಡು ಬಾ, ಊಟ ಮಾಡಿ ಬಸ್ಸಿಗೆ ಹೋಗು" ಅಂದಳು. ಹೆಂಡತಿಗೆ ಕೊಟ್ಟ ಮಾತನ್ನು ಜ್ಞಾನೇಶ್ ಉಳಿಸಿಕೊಳ್ಳಲಿಲ್ಲ.